ಸಣ್ಣತಾಯಮ್ಮನ ದೋಣಿಮನೆ

ಸಣ್ಣತಾಯಮ್ಮನಿಗೆ ಎಡಗಿವಿ ಕೇಳಿಸುವುದಿಲ್ಲ. ಹೆಮ್ಮಿಗೆಯಲ್ಲಿ ಅವಳ ಹತ್ತಿರ ಮಾತಾಡಬೇಕಾದವರು ಬಲಗಡೆಗೆ ಬಂದು ನಿಂತೇ ಮಾತಾಡುತ್ತಿದ್ದರು, ಅದು ಊರಿಗೇ ರೂಢಿಯಾಗಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ, ಮೈಮೇಲಿನ ಅರಿಶಿನ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಗಂಡ ಚಿಕ್ಕಸ್ವಾಮಿ ಕೊಟ್ಟ ಏಟು ಅದು. ಸಾರಿಗೆ ಉಪ್ಪು ಜಾಸ್ತಿಯಾಗಿತ್ತೋ ಕಮ್ಮಿಯಾಗಿತ್ತೋ, ಅಂಥದ್ದೇ ಏನೋ ಒಂದು. ಕಿವಿಯೊಳಗೆ ಮಡಕೆ ಒಡೆದ ಹಾಗಾಯಿತು. ಕತ್ತಿನ ಮೇಲೆ ಬೆಚ್ಚಗೆ ಏನೋ ಹರಿದು ರವಿಕೆಯೊಳಕ್ಕೆ ಇಳಿಯಿತು. ಅವಳು ಒಲೆಯ ಮುಂದಿನಿಂದ ಏಳಲಿಲ್ಲ, ಸೆರಗಿನಲ್ಲಿ ಒರೆಸಿಕೊಂಡು ಮುದ್ದೆ ತೊಳಸಿದಳು.

ಚಿಕ್ಕಸ್ವಾಮಿ ಊರಿಗೆ ಒಳ್ಳೆಯವನೇ. ನಂಜನಗೂಡಿನ ಪಕ್ಕದ ತಾಂಡ್ಯದ ಕಾರ್ಖಾನೆಯೊಂದರಲ್ಲಿ ವೆಲ್ಡಿಂಗ್ ಕೆಲಸ. ಭಾನುವಾರ ಬಂತೆಂದರೆ ಯಾರದೋ ನೇಗಿಲು, ಯಾರದೋ ಗೇಟು ಅವನ ಅಂಗಳದಲ್ಲಿ ಬಿದ್ದಿರುತ್ತಿತ್ತು. ನಗುನಗುತ್ತಾ ಸರಿ ಮಾಡಿಕೊಡುವನು. ಅವರು ಅತ್ತ ಹೋಗಿ ಇವನು ಬಾಗಿಲು ಹಾಕಿಕೊಂಡನೋ, ಆ ನಗು ಬಾಗಿಲಾಚೆಗೇ ಉಳಿದುಬಿಡುತ್ತಿತ್ತು. ಮನೆ ಅಜ್ಜನ ಕಾಲದ್ದು, ತೊಲೆಗಳು ಎತ್ತರ. ಕೈ ಎಷ್ಟು ಮೇಲಕ್ಕೆ ಬೇಕಾದರೂ ಹೋಗಬಹುದಿತ್ತು. ಕಬ್ಬಿಣ ಬಗ್ಗಿಸುವ ಆ ಕೈ ಮೇಲೇರುವುದನ್ನು ನೋಡಿದರೆ ಸಾಕು, ಸಣ್ಣತಾಯಮ್ಮ ಹಲ್ಲು ಕಚ್ಚಿ ಕಣ್ಣು ಮುಚ್ಚಿಕೊಳ್ಳುವಳು. ಒಂದು ಸಲ ಪಕ್ಕೆಲುಬು ಮುರಿಯಿತು. ಇನ್ನೊಂದು ಸಲ ಮುಂದಿನ ಹಲ್ಲು ಹೊರಬಿತ್ತು, ಕೋಳಿಯೊಂದು ಅದನ್ನು ಕಾಳೆಂದುಕೊಂಡು ಕೊಕ್ಕಿನಿಂದ ಕುಕ್ಕಿತು. ತವರಿಗೆ ಓಡಿಹೋದರೆ ಅಣ್ಣ ಮಾರನೇ ಬೆಳಿಗ್ಗೆಯೇ ಗಾಡಿ ಕಟ್ಟಿ ವಾಪಸು ತಂದು ಬಿಟ್ಟ.

"ಇವತ್ತು ಒಡೀತಾನೆ, ನಾಳೆ ಸೀರೆ ತತ್ತಾನೆ. ಬುಡಮ್ಮಿ, ಗಂಡಸು" ಎಂದ ಅಣ್ಣ, ಚಿಕ್ಕಸ್ವಾಮಿ ಕೊಟ್ಟ ಬೀಡಿ ಹಚ್ಚಿಕೊಳ್ಳುತ್ತಾ.

ಅಂಥ ಮನೆಗೆ ದೋಣಿ ಬಂತು.

ಕಾರ್ಖಾನೆಯ ದೊಡ್ಡ ಅಧಿಕಾರಿಯೊಬ್ಬ, ಉತ್ತರದ ಕಡೆಯವನು, ಹಿನ್ನೀರಿನಲ್ಲಿ ಹಾಯಿ ಬಿಟ್ಟು ಆಡುವ ಹುಚ್ಚಿಗೆ ಎಲ್ಲಿಂದಲೋ ತರಿಸಿಕೊಂಡಿದ್ದ ಹಾಯಿದೋಣಿ. ವರ್ಗವಾಗಿ ಹೋಗುವಾಗ ಶೆಡ್ಡಿನ ಹಿಂದೆ ಬಿಟ್ಟುಹೋದ. ಅದರ ಮೇಲೆ ಪಾರಿವಾಳದ ಹಿಕ್ಕೆ ಒಂದು ಗೇಣು. ಗುಜರಿಗೆ ಹಾಕಿ ಎಂದರು, ಚಿಕ್ಕಸ್ವಾಮಿ ನನಗೆ ಕೊಡಿ ಎಂದ. ಅದು ಕೂರುವ ಟ್ರೈಲರಿಗೆ ತಾನೇ ಹೊಸ ಅಚ್ಚು ಬೆಸೆದು, ತನ್ನ ಹಳೇ ಪಿಕಪ್ ಗಾಡಿಯ ಹಿಂದಕ್ಕೆ ಸಿಕ್ಕಿಸಿಕೊಂಡು, ನಂಜನಗೂಡು, ನರಸೀಪುರ ದಾಟಿಸಿ ಹೆಮ್ಮಿಗೆ ಬೀದಿಗೆ ತಂದ. ಬಿಳೀ ಫೈಬರಿನ ಮೈ, ಚೂಪು ಮೂತಿ, ಬೆನ್ನ ಮೇಲೆ ಮಲಗಿಸಿ ಕಟ್ಟಿದ ಅಲ್ಯೂಮಿನಿಯಂ ಕಂಬ. ನಡುವೆ ಆಮೆಯ ಚಿಪ್ಪಿನ ಹಾಗೆ ಒಂದು ಸೂರು, ಅದರೊಳಗೆ ಎರಡು ಹಲಗೆ ಮಂಚ. ಬಗ್ಗಿ ನುಗ್ಗಬೇಕು, ನುಗ್ಗಿದ ಮೇಲೆ ಕೂತೇ ಇರಬೇಕು. ನಿಲ್ಲುವ ಮಾತೇ ಇಲ್ಲ.

ನರಸೀಪುರದ ಸಂಗಮದಲ್ಲಿ ತೆಪ್ಪ ಹಾಕುವ ಮಹದೇವಯ್ಯ ದಾರಿಯಲ್ಲೇ ತಡೆದು ಕೇಳಿದ್ದನಂತೆ. "ಏನ್ ಗೌಡ್ರೆ, ದೋಣಿಗೆ ಗಾಲಿ ಕಟ್ಕಂಡು ರೋಡಲ್ ಓಡುಸ್ತಾ ಇದೀರಿ. ನಾನು ನನ್ ತೆಪ್ಪ ತಗಂಡು ಬಸ್ ಸ್ಟ್ಯಾಂಡಿಗೆ ಬರ್ಲಾ?"

"ಇದು ನೀರಿಗಲ್ಲ ಕಣೋ ಮಾದೇವ. ಮನೆ ಮಾಡ್ತೀನಿ. ಬಾಡ್ಗೆ ಇಲ್ಲ, ರೂಮಿಲ್ಲ, ಮನೆ ಸಮೇತ ದೇಶ ಸುತ್ತುಬೋದು."

ಮನೆಯನ್ನೇ ಮಾಡಿದ. ಒಂದು ಮೂಲೆಗೆ ಗ್ಯಾಸ್ ಒಲೆ, ಬ್ಯಾಟರಿಗೆ ಸಿಕ್ಕಿಸಿದ ಫ್ಯಾನು, ಮೂತಿಯ ಕಡೆ ಮಾದಪ್ಪನ ಫೋಟೋ. ಪಾತ್ರೆ ತೊಳೆದ ನೀರು, ಮುಖ ತೊಳೆದ ನೀರು ಎಲ್ಲಿಗೆ ಹೋಗಬೇಕು? ಬಾಗಿಲ ಹತ್ತಿರದ ತಗ್ಗಿನಲ್ಲಿ ದೋಣಿಯ ತಳಕ್ಕೇ ಡ್ರಿಲ್ ಇಟ್ಟು, ಹಿಮ್ಮಡಿ ಗಾತ್ರದ ತೂತು ಕೊರೆದು ಬಚ್ಚಲು ಮಾಡಿದ. ನೀರು ರಸ್ತೆಗೆ ಜರ್ರೆಂದು ಇಳಿದುಹೋಯಿತು. ಅದನ್ನು ನೋಡಿ ಬೆನ್ನು ತಟ್ಟಿಕೊಂಡ. ಊರವರೂ ಬಂದು ಬಗ್ಗಿ ಬಗ್ಗಿ ನೋಡಿ, ಭೇಷ್ ಎಂದರು. ದೋಣಿಯ ತಳಕ್ಕೆ ತೂತು ಹಾಕುತ್ತಾರೆಯೇ ಎಂದು ಒಬ್ಬರೂ ಕೇಳಲಿಲ್ಲ. ಮನೆಯೆಂದ ಮೇಲೆ ಬಚ್ಚಲಿರಬೇಡವೇ?

ಮೊದಲ ಸವಾರಿ ಮಾದಪ್ಪನ ಬೆಟ್ಟಕ್ಕೆ. ತಾಳಬೆಟ್ಟದ ಬುಡದಲ್ಲಿ ಗಾಡಿ ನಿಲ್ಲಿಸಿಕೊಂಡು ಒಳಗೆ ಅಡುಗೆ ಮಾಡಿದರು. ಮಗ ಮಧುಕುಮಾರ್ ಆಗ ಚಿಕ್ಕವನು, ಮೂತಿಯ ಸಂದಿಯಲ್ಲಿ ಮಲಗಿದ್ದ. ಒಲೆ ಹೊಸದು, ಉರಿ ತಿಳಿಯಲಿಲ್ಲ, ಮುದ್ದೆ ಗಂಟುಗಂಟಾಯಿತು. ಚಿಕ್ಕಸ್ವಾಮಿ ಒಂದು ತುತ್ತು ಮುರಿದ, ಗಂಟು ಸಿಕ್ಕಿತು, ತಟ್ಟೆ ತಳ್ಳಿದ. ಕೈ ಎತ್ತಿದ.

ಸಣ್ಣತಾಯಮ್ಮ ಕಣ್ಣು ಮುಚ್ಚಿಕೊಂಡಳು. ಟಣ್ ಎಂದಿತು. ಏಟು ಬೀಳಲಿಲ್ಲ.

ಕಣ್ಣು ಬಿಟ್ಟರೆ ಚಿಕ್ಕಸ್ವಾಮಿ ಬೆರಳ ಗಿಣ್ಣನ್ನು ಬಾಯಲ್ಲಿ ಇಟ್ಟುಕೊಂಡು ಚೀಪುತ್ತಿದ್ದ. ಸೂರಿಗೆ ಬಡಿದು ಚರ್ಮ ಕಿತ್ತಿತ್ತು. ಮತ್ತೆ ಎತ್ತಿದ, ಈ ಸಲ ಮೊಣಕೈ ಬಡಿಯಿತು. ಎದ್ದು ಹೊಡೆಯೋಣವೆಂದರೆ ತಲೆ ತಾಗಿತು. ಅವನು ಸೂರನ್ನೂ ಹೆಂಡತಿಯನ್ನೂ ನೋಡಿದ, ಬೈದ, ಆಮೇಲೆ ಮಾಡುವುದಕ್ಕೆ ಏನೂ ಇಲ್ಲದೆ ಗಂಟು ಮುದ್ದೆಯನ್ನೇ ನುಂಗಿದ.

ಅವತ್ತಿನಿಂದ ಸಣ್ಣತಾಯಮ್ಮನಿಗೆ ದೇಶ ಸುತ್ತುವ ಹುಚ್ಚು ಹಿಡಿಯಿತು. ಕುಯ್ಲು ಮುಗಿಯುವುದೇ ತಡ, "ಯಾವಾಗ್ ಓಗದು? ಎಲ್ಲಿಗ್ ಓಗದು?" ಎಂದು ಗಂಡನ ಬೆನ್ನು ಹತ್ತುವಳು. ಊರ ಹೆಂಗಸರು, "ಇವಳ ಭಕ್ತಿ ನೋಡ್ರವ್ವ, ಒಂದ್ ದೇವ್ರ ಬುಡಲ್ಲ" ಎಂದರು. ಅವಳು ನಕ್ಕಳು. ರಾಮೇಶ್ವರ ಆಯಿತು, ಧರ್ಮಸ್ಥಳ ಆಯಿತು, ಗುಂಡ್ಲುಪೇಟೆಯ ಮೇಲೆ ಘಾಟಿ ಇಳಿದು ಕೇರಳದ ಕಡಲೂ ಆಯಿತು. ಕಡಲ ದಂಡೆಯಲ್ಲಿ ಮೀನಿನವರು ಓಡಿಬಂದು, ನೀರಿಗೆ ಇಳಿಸೋಣ ಎಂದು ಉಮೇದಿನಿಂದ ಕೈಹಚ್ಚಿದರು. ತಳದ ತೂತು ಕಣ್ಣಿಗೆ ಬಿತ್ತು. ಒಬ್ಬ ಅದರೊಳಗೆ ಹೆಬ್ಬೆರಳು ತೂರಿಸಿ ಅಲ್ಲಾಡಿಸಿದ. ಮಿಕ್ಕವರು ಮರಳ ಮೇಲೆ ಬಿದ್ದು ಹೊರಳಾಡಿ ನಕ್ಕರು. ಚಿಕ್ಕಸ್ವಾಮಿಗೆ ಅರ್ಥವಾಗಲಿಲ್ಲ.

"ಬಚ್ಚಲು ಕಣ್ರಯ್ಯಾ! ನೀವು ಬಚ್ಚಲು ಕಂಡಿಲ್ವಾ?" ಎಂದು ಕೂಗಾಡಿದ.

ರಸ್ತೆಯ ಮೇಲೆ ಅವನು ಬೇರೆಯೇ ಗಂಡಸಾಗುತ್ತಿದ್ದ. ದಾರಿಯಲ್ಲಿ ಕುಡಿದರೆ ಗಾಡಿ ಓಡಿಸುವವರು ಬೇಕೆಂದು ಅವಳಿಗೂ ಪಿಕಪ್ ಕಲಿಸಿದ. ಟ್ರೈಲರ್ ಕಟ್ಟಿದ ಗಾಡಿಯನ್ನು ಹಿಂದಕ್ಕೆ ಬಿಡುವುದು ಕಷ್ಟದ ಕೆಲಸ. ಬಾಲ ಎಡಕ್ಕೆ ಹೋಗಬೇಕಾದರೆ ಸ್ಟೀರಿಂಗ್ ಚಕ್ರವನ್ನು ಬಲಕ್ಕೆ ತಿರುಗಿಸಬೇಕು. ತಪ್ಪಿದಾಗೆಲ್ಲ ಅವಳ ಹೆಡೆತಲೆಗೆ ಮೊಟಕುತ್ತಿದ್ದ. ಗಾಡಿಯ ಕ್ಯಾಬಿನ್ನಿನಲ್ಲಿ ಅಷ್ಟಕ್ಕೆ ಜಾಗವಿತ್ತು. ಅವನ ಮುಖದಲ್ಲಿ ಸಿಟ್ಟು ಏರುವುದು ಕಂಡರೆ ಅವಳು ಇಳಿದು ದೋಣಿಯೊಳಕ್ಕೆ ನುಗ್ಗಿ ಕೂತುಬಿಡುವಳು. ಹೆಮ್ಮಿಗೆಗೆ ವಾಪಸು ಬರುವ ದಿನ ಮಾತ್ರ, ಕಾಲುವೆ ಏರಿ ಹತ್ತುತ್ತಿದ್ದ ಹಾಗೆ, ಅವಳು ಮತ್ತೆ ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ಎತ್ತರದ ತೊಲೆಗಳ ಮನೆ ಬರುತ್ತಿತ್ತು.

ಚಿಕ್ಕಸ್ವಾಮಿ ಸತ್ತದ್ದು ಆಯುಧಪೂಜೆಯ ದಿನ. ಗಾಡಿ ತೊಳೆದು, ದೋಣಿಗೆ ಬಾಳೆಕಂದು ಕಟ್ಟಿ, ಒಡೆಯುವುದಕ್ಕೆ ಬೂದುಗುಂಬಳಕ್ಕೆ ಕುಂಕುಮ ತುಂಬಿ ಇಟ್ಟಿದ್ದರು. ಮಲಗಿಸಿದ್ದ ಕಂಬವನ್ನು ನಿಲ್ಲಿಸಿ ಅದರ ತುದಿಯಿಂದ ಬಣ್ಣದ ಲೈಟು ಇಳಿಬಿಡಬೇಕೆಂದು ಅವನಿಗೆ ಹೊಳೆಯಿತು. ದೋಣಿಯ ಮೇಲೆ ಹತ್ತಿ ಕಂಬವನ್ನು ಎದೆಗೆ ಆನಿಸಿಕೊಂಡು ಎತ್ತಿದ. ಅಂಗಳದ ಮೇಲೆ ಕರೆಂಟಿನ ದೊಡ್ಡ ತಂತಿ ಹಾದುಹೋಗಿತ್ತು.

"ವೈರು! ವೈರು ಅದೆ ಕಣ್ರೀ!" ಎಂದು ಸಣ್ಣತಾಯಮ್ಮ ಕಿರುಚಿದಳು.

ಅವನು ಕಂಬ ಬಿಡದೆ ಅವಳ ಕಡೆ ತಿರುಗಿದ. ಹುಬ್ಬು ಗಂಟಿಕ್ಕಿತ್ತು. "ಬಾಯ್ ಮುಚ್ಚೇ, ಎಲ್ಲದಕ್ಕೂ ಬಾಯಾಕ್ತಾಳೆ—"

ತಿರುಗಿದ ರಭಸಕ್ಕೆ ಕಂಬ ವಾಲಿ ತಂತಿಗೆ ತಾಗಿತು. ಆ ಸದ್ದು ಅವಳ ಎಡಗಿವಿಗೂ ಕೇಳಿಸಿದಂತಾಯಿತು. ನೀಲಿ ಬೆಳಕು ಅವನ ಸುತ್ತ ಒಂದು ಕ್ಷಣ ಕುಣಿದು, ಅವನನ್ನು ಎತ್ತಿ ಗೇಟಿನ ಮೇಲೆ ಎಸೆಯಿತು. ಅಂಗೈ ಎರಡೂ ಇದ್ದಿಲಾಗಿದ್ದವು. ಸುಟ್ಟ ಕೂದಲಿನ ವಾಸನೆ ವಾರವಾದರೂ ಅಂಗಳ ಬಿಟ್ಟು ಹೋಗಲಿಲ್ಲ. ಬೂದುಗುಂಬಳ ಹಾಗೇ ಉಳಿಯಿತು, ಹೆಣ ಎತ್ತಿದ ಮೇಲೆ ಅದನ್ನು ಯಾರೋ ತಿಪ್ಪೆಗೆ ಎಸೆದರು.

ಸಣ್ಣತಾಯಮ್ಮ ಅತ್ತಳು, ಜೋರಾಗಿಯೇ ಅತ್ತಳು. ಹದಿನೈದು ದಿನ ಹೋದ ಮೇಲೆ, ಹಿತ್ತಿಲಿನಲ್ಲಿ ಪಾತ್ರೆ ಬೆಳಗುತ್ತಾ, ಯಾರೋ ಕೈ ಎತ್ತಿದರೆಂದು ಕಣ್ಣು ಮುಚ್ಚಿಕೊಂಡಳು. ನೋಡಿದರೆ ಬಾಳೆ ಎಲೆ ಗಾಳಿಗೆ ಅಲ್ಲಾಡಿತ್ತು. ಇನ್ನು ಮುಚ್ಚಿಕೊಳ್ಳಬೇಕಾಗಿಲ್ಲ ಎಂದು ಆಗ ತಿಳಿಯಿತು.

ಅದು ತಪ್ಪು ಲೆಕ್ಕ.

ಮಗ ಮಧುಕುಮಾರ್ ಅಪ್ಪನ ಕಾರ್ಖಾನೆಯಲ್ಲೇ ಗ್ರೈಂಡರ್ ಕೆಲಸಕ್ಕೆ ಸೇರಿದ್ದ. ಅವನ ಹೆಂಡತಿ ಶಾಲಿನಿ ನಂಜನಗೂಡಿನ ಹುಡುಗಿ. ಅಪ್ಪ ಅಮ್ಮ ಇಲ್ಲ, ಅಕ್ಕ ಆಶಾರಾಣಿಯೇ ನಿಂತು ಧಾರೆ ಎರೆಸಿದ್ದಳು. ಅಪ್ಪ ಇರುವವರೆಗೆ ಮಧು ಬಾಯಲ್ಲಿ ಬೈಯುತ್ತಿದ್ದನೇ ಹೊರತು ಹೊಡೆದಿರಲಿಲ್ಲ. ಮನೆಯಲ್ಲಿ ಹೊಡೆಯುವವನು ಒಬ್ಬನೇ ಇರಬೇಕೇನೋ. ಅಪ್ಪನ ತಿಥಿ ಕಳೆಯಿತು, ಒಂದು ಬೆಳಿಗ್ಗೆ ಅಂಗಿಯ ಗುಂಡಿ ಕಿತ್ತಿದ್ದಕ್ಕೆ ಶಾಲಿನಿಯ ಕೆನ್ನೆಗೆ ಬಾರಿಸಿದ. ಸಣ್ಣತಾಯಮ್ಮ ಅಡುಗೆಮನೆಯಲ್ಲಿದ್ದಳು. ಬಲಗಿವಿಗೆ ಆ ಸದ್ದು ಬಿದ್ದದ್ದೇ, ಅವಳ ಕೈಯಲ್ಲಿದ್ದ ಚೊಂಬು ಜಾರಿತು. ಅದೇ ಸದ್ದು. ಒಂದಿಷ್ಟೂ ಬೇರೆಯಲ್ಲ.

"ಯಾಕ್ಲಾ? ಅವಳ ಮ್ಯಾಲೆ ಯಾಕ್ಲಾ ಕೈ ಮಾಡ್ದೆ?" ಎಂದು ಅಡ್ಡ ಬಂದಳು.

"ನೀನು ಸುಮ್ಕಿರವ್ವ. ನಮ್ಮಪ್ಪ ಮಾಡ್ತಿದ್ದಾಗ ಸುಮ್ಕಿದ್ದಲ್ಲ, ಅಂಗೇ ಇರು" ಎಂದು ಅವಳನ್ನೂ ಗೋಡೆಗೆ ನೂಕಿದ.

ಆಮೇಲಿನದ್ದು ವಾರಕ್ಕೆ ಒಂದಾಯಿತು, ಎರಡಾಯಿತು. ಬೆಲ್ಟಿನಲ್ಲಿ, ನೀರು ಬಿಡುವ ಪೈಪಿನಲ್ಲಿ. ಒಂದು ದಿನ ಕೂದಲು ಹಿಡಿದು ಹಜಾರದುದ್ದಕ್ಕೂ ಎಳೆದ. ನೆಲದ ಮೇಲೆ ಅವಳ ಬಳೆಚೂರು ಗೀಚಿದ ಗೆರೆ ಉಳಿಯಿತು. ಅವತ್ತು ಅವನು ಕೆಲಸಕ್ಕೆ ಹೋದ ಮೇಲೆ ಸಣ್ಣತಾಯಮ್ಮ ಸೊಸೆಯ ಬೆನ್ನಿಗೆ ಅರಿಶಿನ ಹಚ್ಚುತ್ತಾ, ಇಷ್ಟು ವರ್ಷ ಯಾರಿಗೂ ಹೇಳದಿದ್ದದ್ದನ್ನು ಹೇಳಿದಳು.

"ಕೂಸೆ, ಅವನ ಮಕ ಕೆಟ್ಟುದ್ ಕಂಡ್ರೆ ಓಗಿ ದೋಣಿ ಒಳೀಕ್ ಸೇರ್ಕೊ. ಅಲ್ಲಿ ಕೈ ಎತ್ತಕ್ಕೆ ಆಗಕಿಲ್ಲ."

ಶಾಲಿನಿ ಅಳುವುದರ ನಡುವೆಯೇ ನಕ್ಕುಬಿಟ್ಟಳು. "ಅದುಕ್ಕಾ ಅತ್ತೆ, ನೀವು ರಾಮೇಶ್ವರಕ್ಕೆ ಓಗಿದ್ದು?"

"ಇನ್ಯಾತಕ್ಕೆ? ರಾಮ್ನೂ ಬೇಕಾಗಿರ್ನಿಲ್ಲ, ಈಶ್ವರ್ನೂ ಬೇಕಾಗಿರ್ನಿಲ್ಲ."

ಹಾಗೆ ಅಂಗಳದ ಹೊಂಗೆಮರದಡಿ ನಿಂತಿದ್ದ ದೋಣಿ ಸೊಸೆಗೂ ಆಸರೆಯಾಯಿತು. ಮಧು ಬಾಗಿಲ ಹತ್ತಿರ ಬಗ್ಗಿ ಬೈದು, ಗಾಲಿಗೆ ಒದ್ದು, ಹೊರಟುಹೋಗುವನು. ಒಂದು ಸಲ ಕಾಲು ಹಿಡಿದು ಹೊರಗೆಳೆದ. ಮಾರನೇ ದಿನವೇ ಅತ್ತೆ ನರಸೀಪುರಕ್ಕೆ ಹೋಗಿ ಕಬ್ಬಿಣದ ಚಿಲಕ ತಂದು ಒಳಗಡೆಯಿಂದ ಹಾಕಿಸಿದಳು.

ಚಿಲಕವೇ ಅವನ ತಲೆ ಕೆಡಿಸಿತು. ಆ ದಿನ ಬೆಳಿಗ್ಗೆ ಮಗನ ಮುಖ ನೋಡಿದ್ದೇ ಸಣ್ಣತಾಯಮ್ಮನಿಗೆ ತಿಳಿದುಹೋಯಿತು, ಇವತ್ತು ದಿನ ಸರಿಯಿಲ್ಲ ಎಂದು. ಅವನು ಹಿತ್ತಿಲಿಗೆ ಹೋದಾಗ ಪಿಕಪ್ಪನ್ನು ಹಿಂದಕ್ಕೆ ತಂದು ಟ್ರೈಲರಿನ ಕೊಂಡಿ ಸಿಕ್ಕಿಸಿಟ್ಟಳು. ದೋಣಿಯನ್ನು ಟ್ರೈಲರಿಗೆ ಬಿಗಿಯುವ ಪಟ್ಟಿ ಕಟ್ಟುವಷ್ಟು ಹೊತ್ತಿರಲಿಲ್ಲ, ಮೂತಿಯ ಹಗ್ಗವೊಂದೇ ಸುತ್ತಿದಳು.

ಒಳಗೆ ಶಾಲಿನಿಯ ಗಂಟಲು ಕೇಳಿಸಿತು. "ನಾನು ಆಶಕ್ಕನ ಮನೆಗೆ ಓಯ್ತೀನಿ. ಇನ್ ಬರಕಿಲ್ಲ."

"ಎಲ್ಲಿಗ್ ಓಯ್ತಿಯೇ? ನಿನ್ನ ಎಣ ಓಯ್ತದೆ!"

ಶಾಲಿನಿ ಹೊರಗೆ ಓಡಿಬಂದಳು. ಹಿಂದೆಯೇ ಮಧು, ಕೈಯಲ್ಲಿ ಎಳನೀರು ಕೊಚ್ಚುವ ಮಚ್ಚು. ಬೀಸಿದ ಏಟನ್ನು ಅವಳು ತೋಳಲ್ಲಿ ತಡೆದಳು. ಮೊಣಕೈ ಕೆಳಗೆ ಚರ್ಮ ಬಾಯಿಬಿಟ್ಟು ರಕ್ತ ತುಳಸಿಕಟ್ಟೆಯ ಮೇಲೆ ಚಿಮ್ಮಿತು. ಅವಳು ದೋಣಿಯೊಳಕ್ಕೆ ಬಿದ್ದು ಚಿಲಕ ಹಾಕಿಕೊಂಡಳು.

ಮಧು ಬೈಯಲಿಲ್ಲ, ಒದೆಯಲಿಲ್ಲ. ಒಳಗೆ ಹೋಗಿ ಗ್ರೈಂಡರ್ ತಂದು ಉದ್ದದ ವೈರು ಎಳೆದು ಚುಚ್ಚಿದ. "ಇವತ್ತು ಇದ್ರ ಸೂರ್ನೇ ಕುಯ್ದಾಕ್ತೀನಿ. ಆಮೇಲೆ ಎಲ್ಲಿ ಅವಿತ್ಕಂತಳೋ ನೋಡವ!"

ಅವನಿಗೂ ಗೊತ್ತಿತ್ತು. ಚಿಕ್ಕಂದಿನಲ್ಲಿ ಮೂತಿಯ ಸಂದಿಯಲ್ಲಿ ಮಲಗಿದ್ದವನು, ಅಪ್ಪನ ಬೆರಳು ಸೂರಿಗೆ ಬಡಿದದ್ದನ್ನು ಅವನೂ ಕಂಡಿದ್ದ. ಗ್ರೈಂಡರ್ ಕಿರುಚಿತು. ಬಿಳೀ ಪುಡಿ ಮೋಡದಂತೆ ಎದ್ದಿತು. ಮೊದಲು ಬಾಗಿಲ ಹಲಗೆ ಸೀಳಿತು, ಚಿಲಕದ ಕಬ್ಬಿಣಕ್ಕೆ ಬ್ಲೇಡು ತಾಗಿ ಕಿಡಿ ಹಾರಿತು. ಒಳಗಿನಿಂದ ಶಾಲಿನಿ "ಅತ್ತೇ, ಅತ್ತೇ" ಎಂದು ಕೂಗುತ್ತಿದ್ದಳು. ಸಣ್ಣತಾಯಮ್ಮ ಜಗಲಿ ಹತ್ತಿ ಮೀಟರ್ ಪೆಟ್ಟಿಗೆಯ ಫ್ಯೂಸು ಕಿತ್ತು ಬಾವಿಗೆ ಎಸೆದಳು. ಗ್ರೈಂಡರ್ ಸತ್ತಿತು. ಏನಾಯಿತೆಂದು ಮಗ ವೈರು ಹಿಡಿದು ಒಳಗೆ ಓಡಿದ. ಆ ಹೊತ್ತಿಗೆ ಅವಳು ಪಿಕಪ್ಪಿಗೆ ಹತ್ತಿ ಕೀಲಿ ತಿರುಗಿಸಿದ್ದಳು.

ಗೇಟು ತೆಗೆಯಲಿಲ್ಲ, ಮುರಿದುಕೊಂಡೇ ಹೊರಟಳು. ಚಿಕ್ಕಸ್ವಾಮಿ ಬೆಸೆದಿದ್ದ ಗೇಟು ಅದು.

ಕಾಲುವೆ ಏರಿಯ ಮೇಲೆ ಹಿಂದಿನಿಂದ ಬೈಕಿನ ಸದ್ದು ಕೇಳಿಸಿತು. ಮಧು ಬಲಗಡೆಯಿಂದ ಬಂದ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಮಚ್ಚು. ಕಿಟಕಿಯ ಗಾಜಿಗೆ ಬೀಸಿದ. ಗಾಜು ಒಡೆದು ಅವಳ ಮಡಿಲಿಗೆ ಸುರಿಯಿತು, ಹಣೆಯಿಂದ ರಕ್ತ ಇಳಿದು ಒಂದು ಕಣ್ಣು ಮುಚ್ಚಿತು.

"ನಿಲ್ಸವ್ವಾ! ನಿಂಗೇನ್ ಮಾಡಕಿಲ್ಲ, ಅವಳ್ನ ಕೊಡು!"

ಅವಳು ಚಕ್ರವನ್ನು ಅವನ ಕಡೆಗೇ ಎಳೆದಳು. ಬೈಕು ಗದ್ದೆಗೆ ಇಳಿದು ಮಗುಚಿತು. ಕನ್ನಡಿಯಲ್ಲಿ ನೋಡಿದಳು, ಕೆಸರಿನಿಂದ ಎದ್ದ, ಮತ್ತೆ ಬೈಕು ಎತ್ತಿದ. ಎದ್ದದ್ದಕ್ಕೆ ಎದೆ ಒಂದು ಕ್ಷಣ ಹಗುರವಾಯಿತು. ಮರುಕ್ಷಣವೇ ಕಾಲು ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿತು.

ನರಸೀಪುರದೊಳಗಿಂದ ಹಾದು ನಂಜನಗೂಡಿನ ರಸ್ತೆ ಹಿಡಿದರೆ ಆಶಾರಾಣಿಯ ಮನೆ. ಊರೊಳಗೆ ಬಂದರೆ ಕಬ್ಬಿನ ಲಾರಿಯೊಂದು ಅಚ್ಚು ಮುರಿದು ರಸ್ತೆಗೆ ಅಡ್ಡ ಕೂತಿತ್ತು. ಮುಂದೆ ಬಸ್ಸು, ಆಟೋ, ಎತ್ತಿನಗಾಡಿ. ಸಣ್ಣತಾಯಮ್ಮ ಹಾರನ್ ಒತ್ತಿಹಿಡಿದು, "ನನ್ ಸೊಸೆ ಕೊಲ್ತಾನೆ ಕಣ್ರಪ್ಪಾ!" ಎಂದು ಕೂಗಿದಳು. ಜನ ಅವಳ ಹಣೆಯ ರಕ್ತ ನೋಡಿದರು, ದೋಣಿ ನೋಡಿದರು, ಹಿಂದಿನಿಂದ ಮಚ್ಚು ಹಿಡಿದು ಬರುತ್ತಿದ್ದವನನ್ನು ನೋಡಿ ಅಂಗಡಿಯ ಮೆಟ್ಟಿಲು ಹತ್ತಿಕೊಂಡರು. ಒಬ್ಬ ಮೊಬೈಲು ಎತ್ತಿ ಹಿಡಿದ.

ಎಡಕ್ಕೆ ಒಂದು ಸಂದಿ, ಅದು ಸಂಗಮದ ಕಡೆ ಇಳಿಯುತ್ತಿತ್ತು. ಅವಳು ಅತ್ತ ತಿರುಗಿಸಿದಳು. ಮುಂದೆ ಹೊಳೆ, ದಾರಿ ಮುಗಿಯಿತು. ಮರಳ ದಂಡೆಯ ಮೇಲೆ ಗಾಡಿಯನ್ನು ಒಂದು ಸುತ್ತು ಹಾಕಿಸಿ ಬೆನ್ನನ್ನು ಹೊಳೆಗೆ ಕೊಟ್ಟಳು. ಎಡಕ್ಕೆ ಬೇಕಾದರೆ ಬಲಕ್ಕೆ. ಹೆಡೆತಲೆಗೆ ಬಿದ್ದಿದ್ದ ಮೊಟಕುಗಳೆಲ್ಲ ಕೈಗೆ ಇಳಿದಿದ್ದವು, ಟ್ರೈಲರ್ ದಾರ ಹಿಡಿದಂತೆ ನೆಟ್ಟಗೆ ನೀರಿಗಿಳಿಯಿತು. ಪಟ್ಟಿ ಕಟ್ಟಿರದ ದೋಣಿ ಅಲ್ಲಾಡಿತು, ಎದ್ದಿತು. ಅವಳು ಸೊಂಟದುದ್ದ ನೀರಿಗೆ ಹಾರಿ ಮೂತಿಯ ಹಗ್ಗ ಬಿಚ್ಚಿ, ತಳ್ಳಿ, ಹೊಟ್ಟೆಯ ಮೇಲೆ ಹೊರಳಿ ಮೇಲೆ ಬಿದ್ದಳು.

ಹೆಮ್ಮಿಗೆಗೆ ಬಂದ ಮೇಲೆ ಆ ದೋಣಿ ನೀರು ಕಂಡದ್ದು ಅದೇ ಮೊದಲು. ಕಪಿಲೆಯ ಸೆಳವು ಅದನ್ನು ಕಾವೇರಿಯ ಕಡೆಗೆ ಮೆಲ್ಲಗೆ ಎಳೆದುಕೊಂಡಿತು.

ಒಳಗೆ ನುಗ್ಗಿದರೆ ಶಾಲಿನಿ ಮೂತಿಯ ಕಡೆ ಮುದುಡಿದ್ದಳು, ತೋಳಿಗೆ ಸೆರಗು ಸುತ್ತಿಕೊಂಡಿದ್ದಳು. ಬಚ್ಚಲ ತೂತಿನಿಂದ ನೀರು ಮೊಳದುದ್ದ ಚಿಮ್ಮುತ್ತಿತ್ತು.

"ಅಯ್ಯೋ ನಿನ್ ಮನೆ ಹಾಳಾಗ, ಬಚ್ಚಲು!" ಎಂದು ಸಣ್ಣತಾಯಮ್ಮ ಸತ್ತ ಗಂಡನನ್ನು ಬೈದು, ಅಲ್ಲೇ ಕೂತು, ಬಲಗಾಲ ಹಿಮ್ಮಡಿಯನ್ನು ತೂತಿಗೆ ಒತ್ತಿ ಬಿರಡೆ ಹಾಕಿದ ಹಾಗೆ ಕೂರಿಸಿದಳು. ನೀರು ನಿಂತಿತು. "ಆ ತಪ್ಪಲೆ ತಗೊ ಕೂಸೆ, ನೀರ್ ಎರಚು. ಒಂದ್ ಕೈಲೇ ಎರಚು."

ಶಾಲಿನಿ ಎರಚಿದಳು. ನೀರು ಕೆಂಪಗಿತ್ತು. ಹೊರಗೆ ಜನರ ಕೂಗು ಕೇಳಿಸಿತು. ಆಮೇಲೆ ದೋಣಿ ಒಂದು ಕಡೆಗೆ ವಾಲಿತು. ಅಂಚಿನ ಮೇಲೆ ಹತ್ತು ಬೆರಳು ಕಂಡವು.

ಮಧು ಹೊಳೆದಂಡೆಯಲ್ಲಿ ಬೆಳೆದವನು, ಈಜಿಕೊಂಡು ಬಂದಿದ್ದ. ಮಚ್ಚು ಸೊಂಟದಲ್ಲಿತ್ತು. ತಾನೇ ಸೀಳಿದ್ದ ಬಾಗಿಲಿನಿಂದ ತಲೆ ತೂರಿಸಿ ಅರ್ಧ ಮೈ ಒಳಗೆ ತಂದ. ಕೂದಲಿನಿಂದ ನೀರು, ಬಾಯಿಂದ ಜೊಲ್ಲು.

"ಸರ್ಕೊ ಅವ್ವ."

"ಸರಿಯಾಕಿಲ್ಲ ಕಣ್ಲಾ. ಸರುದ್ರೆ ಮೂರೂ ಜನ ಮುಳುಗ್ತೀವಿ."

"ಮುಳುಗ್ಲಿ!" ಎಂದ. ಮಂಡಿಯೂರಿ, ಅವಳ ತಲೆಯ ಮೇಲಿಂದ ಶಾಲಿನಿಗೆ ಬೀಳಲೆಂದು, ಮಚ್ಚನ್ನು ಪೂರಾ ಎತ್ತಿದ.

ಅದು ಸೂರಿಗೆ ಬಡಿದು ಕಚ್ಚಿಕೊಂಡಿತು. ಎಳೆದ, ಬರಲಿಲ್ಲ. ಇನ್ನೊಮ್ಮೆ ಎಳೆದ. ಬಲಗೈ ಮೇಲೆ ಸಿಕ್ಕಿಕೊಂಡು, ಕಂಕುಳು ಬರಿದಾಗಿ, ಎಮ್ಮೆಕರುವಿನ ಹಾಗೆ ಕಣ್ಣು ಬಿಟ್ಟು ಸೂರನ್ನೇ ನೋಡಿದ. ಅವನ ಅಪ್ಪನೂ ಹೀಗೆಯೇ ನೋಡಿದ್ದ.

ಒಲೆಯ ಪಕ್ಕದಲ್ಲಿ ಮುದ್ದೆ ಕೋಲು ಇತ್ತು, ಬೀಟೆ ಮರದ್ದು, ಅವಳ ತವರಿನದು. ಆ ಸೂರಿನಡಿ ಅಷ್ಟು ವರ್ಷ ಕೂತು ಬಾಳಿದವಳಿಗೆ ಅಲ್ಲಿ ಮೇಲೆತ್ತಿ ಹೊಡೆಯಲಾಗದು ಎಂದು ಗೊತ್ತಿತ್ತು. ಮುದ್ದೆ ತೊಳಸುವ ಹಾಗೆ ಎರಡೂ ಕೈಯಲ್ಲಿ ಹಿಡಿದು, ಸೊಂಟದಿಂದ ತಿರುಗಿ, ಅಡ್ಡಕ್ಕೆ ಬೀಸಿದಳು. ಮೊಣಕೈಗೆ ಬಿತ್ತು. ಒಣಗಿದ ಕಟ್ಟಿಗೆ ಮುರಿದ ಸದ್ದು ಬಂತು.

"ಅವ್ವಾ!"

ಎರಡನೇ ಏಟು ಹೆಗಲ ಕೀಲಿಗೆ. ಕೈ ಮಚ್ಚನ್ನು ಬಿಟ್ಟು ಬಳ್ಳಿಯ ಹಾಗೆ ಇಳಿಬಿತ್ತು. ಮೂರನೆಯದನ್ನೂ ಹಾಕಿದಳು. ಅದು ಯಾರಿಗೆ ಬಿದ್ದದ್ದೆಂದು ಅವಳಿಗೇ ತಿಳಿಯಲಿಲ್ಲ. ಅವಳ ಬಾಯಲ್ಲಿ ಬರುತ್ತಿದ್ದದ್ದು ಚಿಕ್ಕಸ್ವಾಮಿಯ ಹೆಸರು.

ಬೀಸುವ ಭರದಲ್ಲಿ ಹಿಮ್ಮಡಿ ತೂತು ಬಿಟ್ಟಿತ್ತು. ನೀರು ಮಂಡಿಗೆ ಬಂತು, ಮಂಚದ ಹಲಗೆ ತೇಲಿತು, ಮಾದಪ್ಪನ ಫೋಟೋ ತೇಲಿತು. ದೋಣಿ ಹಿಂಭಾಗ ತಗ್ಗಿಸಿ ಕೂರತೊಡಗಿತು. ಸಣ್ಣತಾಯಮ್ಮ ಸೊಸೆಯನ್ನು ಮೊದಲು ಹೊರಗೆ ತ‍ಳ್ಳಿದಳು, ಮಗನ ಕತ್ತುಪಟ್ಟಿ ಹಿಡಿದು ಅವನನ್ನೂ ಎಳೆದುಕೊಂಡು ಬಂದಳು. ಮುರಿದ ಕೈಯಲ್ಲಿ ಅವನಿಗೆ ಈಜಲಾಗುತ್ತಿರಲಿಲ್ಲ. ಮೂವರೂ ನೀರಿಗೆ ಬಿದ್ದರು.

ಮಹದೇವಯ್ಯನ ತೆಪ್ಪ ಸುತ್ತುತ್ತಾ ಬಂತು. "ಕೈ ಕೊಡಿ ಗೌಡ್ತಮ್ಮಾ!"

"ಮೊದ್ಲು ಕೂಸ್ನ ತಗೊ!"

ಶಾಲಿನಿಯನ್ನು ಎತ್ತಿಕೊಂಡ. "ಇನ್ನಿಬ್ರು ಬನ್ನಿ, ಇಬ್ರಿಗೂ ಜಾಗ ಅದೆ."

"ಇವನು ಇರೋ ತೆಪ್ಪಕ್ಕೆ ಅವಳ್ನ ಆಕ್ಬ್ಯಾಡ ಮಾದೇವಯ್ಯ. ಅವಳ್ನ ಆಚೆ ದಡಕ್ಕೆ ಬುಟ್ಟು ಬಾ. ಆಮೇಲೆ ನಮ್ಮುನ್ ನೋಡೀವಂತೆ."

"ಅಷ್ಟೊತ್ ತಡೀತೀರಾ?"

"ಓಗಯ್ಯ!"

ಅವಳು ಒಂದು ಕೈಯಲ್ಲಿ ಮುಳುಗುತ್ತಿದ್ದ ದೋಣಿಯ ಮೂತಿ ಹಿಡಿದಿದ್ದಳು. ಇನ್ನೊಂದರಲ್ಲಿ ಮಗನ ಕೂದಲು. ಹೆಂಡತಿಯನ್ನು ಅವನು ಹಿಡಿದು ಎಳೆದಿದ್ದನಲ್ಲ, ಹಾಗೆಯೇ ಮುಷ್ಟಿ ತುಂಬಾ ಬಿಗಿಯಾಗಿ. ಅವನು ಕೊಸರಿದಾಗೆಲ್ಲ ಒಂದು ಗುಟುಕು ನೀರು ಕುಡಿಸಿ ಮತ್ತೆ ಮೇಲಕ್ಕೆತ್ತಿದಳು. ನಾಲ್ಕನೇ ಸಲಕ್ಕೆ ಕೊಸರುವುದು ನಿಲ್ಲಿಸಿ ಚಿಕ್ಕ ಹುಡುಗನ ಹಾಗೆ ಅಳತೊಡಗಿದ. ತೆಪ್ಪ ಆಚೆ ದಡ ಮುಟ್ಟಿದ್ದು, ಶಾಲಿನಿ ಇಳಿದು ಮರಳ ಮೇಲೆ ನಿಂತದ್ದು ಕಣ್ಣಾರೆ ಕಂಡ ಮೇಲೆ ಮಗನಿಗೆ, "ಅಳ್ಬ್ಯಾಡ ಸುಮ್ಕಿರು, ಬತ್ತಾವ್ನೆ" ಎಂದಳು.

ಪೊಲೀಸರ ಮುಂದೆ ಬಲಗಿವಿ ಕೊಟ್ಟು ಕೂತು, ಕೇಳಿದ್ದಕ್ಕೆಲ್ಲ ನಡೆದದ್ದು ನಡೆದ ಹಾಗೆ ಹೇಳಿದಳು. "ಮಗನ ಮೇಲೇ ಕಂಪ್ಲೇಂಟು ಬರ್ಸ್ತೀಯೇನವ್ವ?" ಎಂದು ಸಂಬಂಧಿಕರು ಬಂದು ಕೂತರು. ಅವಳ ಅಣ್ಣನೂ ಮುದಿವಯಸ್ಸಿನಲ್ಲಿ ಕೋಲೂರಿಕೊಂಡು ಬಂದ. ಅವನು ಎಡಗಡೆ ಕೂತು ಬಹಳ ಹೊತ್ತು ಮಾತಾಡಿದ. ಅವಳು ತಲೆ ತಿರುಗಿಸಲಿಲ್ಲ.

ಮಧು ಜೈಲಿನಲ್ಲಿದ್ದು ಬಂದ. ಕೈ ಕೂಡಿತು, ಆದರೆ ಹೆಗಲಿಂದ ಮೇಲಕ್ಕೆ ಏಳುವುದಿಲ್ಲ. ತಲೆ ಬಾಚಲು ಎಡಗೈ ಬೇಕು. ಅವನು ಹೆಮ್ಮಿಗೆಯ ಎತ್ತರದ ಮನೆಯಲ್ಲಿ ಒಬ್ಬನೇ ಇದ್ದಾನೆ. ಶಾಲಿನಿ ಮದುವೆಯ ಬಿಡುಗಡೆ ಪತ್ರ ತೆಗೆದುಕೊಂಡು ತಾಂಡ್ಯದ ಕಾರ್ಖಾನೆಯೊಂದರ ಕ್ಯಾಂಟೀನಿಗೆ ಸೇರಿದಳು. ಅತ್ತೆಯೂ ಅಲ್ಲೇ ಮುದ್ದೆ ಮಾಡುತ್ತಾಳೆ. ನಂಜನಗೂಡಿನ ಹೊರಗೆ ಆಶಾರಾಣಿಯ ಖಾಲಿ ಸೈಟಿನಲ್ಲಿ ಇಬ್ಬರ ವಾಸ. ವಾಸ ದೋಣಿಯಲ್ಲೇ. ಮಹದೇವಯ್ಯ ಹತ್ತು ಜನರನ್ನು ಕಟ್ಟಿಕೊಂಡು ಹಗ್ಗ ಹಾಕಿ ಅದನ್ನು ಕೆಸರಿನಿಂದ ಎಳೆಸಿಕೊಟ್ಟಿದ್ದ. "ಇನ್ ಮ್ಯಾಲಾದ್ರೂ ಇದು ದೋಣೀನೋ ಮನೇನೋ ತೀರ್ಮಾನ ಮಾಡಮ್ಮೋ" ಎಂದು ಹೇಳಿ ಹೋದ.

ಒಂದೊಂದು ಭಾನುವಾರ ಮಧು ಬರುತ್ತಾನೆ. ಬೇಲಿಯ ಹೊರಗೆ ನಿಲ್ಲುತ್ತಾನೆ. ಶಾಲಿನಿ ಒಳಗೆ ಸೇರಿ ಸೀಳಿದ ಬಾಗಿಲಿಗೆ ಹಲಗೆ ಅಡ್ಡ ಇಟ್ಟುಕೊಳ್ಳುತ್ತಾಳೆ. ಸಣ್ಣತಾಯಮ್ಮ ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು ಹಾಕಿಕೊಂಡು ಬೇಲಿಯವರೆಗೆ ಹೋಗಿ ಕೊಡುತ್ತಾಳೆ. ಅವನು ನಿಂತೇ ತಿನ್ನುತ್ತಾನೆ, ಎಡಗೈಯಲ್ಲಿ. ಕೆಲವು ಸಲ ಏನೋ ಹೇಳುವುದಕ್ಕೆ ಬಾಯಿ ತೆರೆಯುತ್ತಾನೆ.

"ಉಂಡ್ಕೊಂಡು ಓಗು ಮಗ" ಎನ್ನುತ್ತಾಳೆ. ತಟ್ಟೆ ಇಸಿದುಕೊಂಡು ಬಂದು ಬೇಲಿಯ ಗೇಟು ಹಾಕುತ್ತಾಳೆ.

ಕುಯ್ಲು ಮುಗಿದ ಮೇಲೆ ಇಬ್ಬರೂ ಕೇರಳದ ಕಡಲಿಗೆ ಹೊರಡುವುದೆಂದು ಆಯಿತು. ದೋಣಿಯ ಸೀಳು ಮುಚ್ಚಿಸಲು ಬಸವೇಶ್ ಎಂಬ ವೆಲ್ಡಿಂಗ್ ಹುಡುಗನನ್ನು ಕರೆಸಿದರು. ಅವನು ಹೊಸ ಬಾಗಿಲು ಕೂರಿಸಿದ, ಬಚ್ಚಲಿಗೆ ತಿರುಗಿಸಿ ಬಿಗಿಯುವ ಮುಚ್ಚಳ ಮಾಡಿಕೊಟ್ಟ, ಸೂರಿನಲ್ಲಿ ಮಚ್ಚು ಕಚ್ಚಿದ್ದ ಜಾಗಕ್ಕೆ ಬಿಳೀ ಪಟ್ಟಿ ಮೆತ್ತಿದ. ಕೆಲಸ ಮುಗಿಸಿ ಹೊರಬರುವಾಗ ತಲೆ ತಗುಲಿಸಿಕೊಂಡು ನೆತ್ತಿ ಉಜ್ಜಿಕೊಂಡ.

"ಏನಮ್ಮಾ ಇದು, ಕೋಳಿಗೂಡು ಇದ್ದಂಗದೆ. ಸೂರು ವಸಿ ಎತ್ರ ಮಾಡ್ಕೊಡ್ತೀನಿ, ಬಿಡಿ. ನೆಟ್ಟಗ್ ನಿಂತ್ಕಂಡ್ ಅಡ್ಗೆ ಮಾಡ್ಬೋದು."

ಸಣ್ಣತಾಯಮ್ಮನಿಗೆ ಅದು ಕೇಳಿಸಲಿಲ್ಲ, ಅವನು ಎಡಗಡೆ ನಿಂತಿದ್ದ. ಗಾಲಿಗೆ ನಿಂಬೆಹಣ್ಣು ಇಡುತ್ತಿದ್ದಳು.

"ಬ್ಯಾಡ ಕಣಣ್ಣ" ಎಂದಳು ಶಾಲಿನಿ. "ಇದ್ದಂಗೇ ಇರ್ಲಿ."

ಬಗ್ಗಿ ಒಳಗೆ ಹೋಗಿ ಒಲೆ ಹಚ್ಚಿದಳು.